ಇಟಲಿಯವನ ಅಪ್ಪ, ಬ್ಯಾಡಗಿಯ ಅಪ್ಪ

ನಮ್ಮ ಮನೆಯ ಕಪಾಟಿನಲ್ಲಿ ಇಟಲಿಯ ಸಿನಿಮಾ ನಿರ್ದೇಶಕನೊಬ್ಬ ಮೂರು ಸಲ ಹುಟ್ಟಿ ಮೂರು ಸಲ ಸತ್ತಿದ್ದಾನೆ. ಅಂದರೆ ಅವನ ಮೂರು ಜೀವನಚರಿತ್ರೆಗಳು ಅಲ್ಲಿವೆ. ಈಚೆಗೆ ಮನೆಗೆ ಬಣ್ಣ ಹೊಡೆಸುವಾಗ ಹೆಂಡತಿ ಅವನ್ನು ಕೆಳಗಿಳಿಸಿ, ಧೂಳು ಝಾಡಿಸಿ, ಮೂರರ ಮುಖಪುಟದ ಮೇಲೂ ಅದೇ ಮುಖ, ಅದೇ ಟೋಪಿ ಕಂಡು ನನ್ನ ಕಡೆ ತಿರುಗಿದಳು.

"ಲಗ್ನ ಆಗಿ ಇಷ್ಟು ವರ್ಷ ಆತು, ನನ್ನ ಬಗ್ಗೆ ನಿಮಗ ಒಂದು ಪುಟ ಗೊತ್ತಿಲ್ಲ. ಈ ಮನಷ್ಯಾನ ಬಗ್ಗೆ ಮೂರು ಪುಸ್ತಕ ಬೇಕಾದುವೇನ್ರಿ?"

ಉತ್ತರ ಹೇಳಿದರೆ ತಪ್ಪು, ಹೇಳದಿದ್ದರೆ ಇನ್ನೂ ತಪ್ಪು. ನಾನು ಪುಸ್ತಕಗಳನ್ನು ಎತ್ತಿಕೊಂಡು ಬಣ್ಣ ಒಣಗಿದ ಕೋಣೆಗೆ ಹೋದೆ. ಸ್ವಲ್ಪ ಹೊತ್ತು ನೋಡಿ ಇಡೋಣ ಎಂದು ತೆರೆದವನು ಊಟಕ್ಕೆ ಕರೆಯುವವರೆಗೂ ಏಳಲಿಲ್ಲ.

ಆ ನಿರ್ದೇಶಕನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲ್ ತೆಗೆದು ಅವನ ನಾಲ್ಕನೆಯ ಜೀವನಚರಿತ್ರೆ ತೆರೆದು ಕೂಡುತ್ತೀರಿ, ನನ್ನ ಮಾತು ಇಲ್ಲೇ ನಿಲ್ಲುತ್ತದೆ. ದೊಡ್ಡ ಹೆಸರು ಮಾಡಿದವನು, ಲೋಕವೆಲ್ಲ ಕೊಂಡಾಡಿದವನು ಎಂದಷ್ಟು ತಿಳಿದರೆ ಸಾಕು. ಅವನ ಹುಚ್ಚು ನನಗೆ ಹತ್ತಿದ್ದು ಧಾರವಾಡದಲ್ಲಿ ಓದುವಾಗ. ಒಂದು ಸಂಜೆ ಕಾಲೇಜಿನ ಹಾಲ್‌ನಲ್ಲಿ ಅವನ ಸಿನಿಮಾ ತೋರಿಸಿದರು. ಮೊದಲು ಸತ್ತುಹೋದ ಮುದುಕಿ ಆಮೇಲೆ ಬಂದು ಸೊಪ್ಪು ಕೊಂಡಳು. ಮದುವೆ ಮುಗಿದ ಮೇಲೆ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಕಾಲವನ್ನೇ ಮುರಿದು ಕಟ್ಟಿದ್ದಾನಲ್ಲ ಎಂದು ನಾವು ಚಹದಂಗಡಿಯಲ್ಲಿ ಕೂತು ಬೆರಗಿನಿಂದ ಮಾತಾಡಿದೆವು. ನಾನಂತೂ ಅದರ ಮೇಲೆ ಒಂದು ಲೇಖನವನ್ನೇ ಬರೆದೆ. ಎಷ್ಟೋ ವರ್ಷದ ಮೇಲೆ ಜೀವನಚರಿತ್ರೆಯಲ್ಲಿ ಆ ಸಿನಿಮಾದ ಕಥೆ ಓದಿದಾಗ ಗೊತ್ತಾಯಿತು, ಅದು ನೆಟ್ಟಗೆ ಸಾಗುವ ಸಾದಾ ಕಥೆ. ಆ ದಿನ ರೀಲು ಹಾಕುವವನು ಡಬ್ಬಿಗಳನ್ನು ಹಿಂದುಮುಂದು ಮಾಡಿದ್ದ. ಅಷ್ಟರಲ್ಲಿ ಹುಚ್ಚು ಬಲಿತಿತ್ತು, ಇಳಿಯುವ ಹಾಗಿರಲಿಲ್ಲ.

ಮೊದಲ ಪುಸ್ತಕ ಬರೆದವನು ನಿರ್ದೇಶಕನ ಗೆಳೆಯ, ಪತ್ರಕರ್ತ. ಈ ಪುಸ್ತಕದಲ್ಲಿ ನಿರ್ದೇಶಕ ಸದಾ ಊಟ ಮಾಡುತ್ತಾನೆ. ಸಿನಿಮಾ ಯಾವಾಗ ತೆಗೆದನೋ ದೇವರಿಗೇ ಗೊತ್ತು. ಎರಡನೆಯದನ್ನು ಬರೆದವನು ಪ್ರೊಫೆಸರ್. ಅದರಲ್ಲಿ ಯಾರೂ ಉಣ್ಣುವುದಿಲ್ಲ, ಅಡಿಟಿಪ್ಪಣಿಗಳೇ ಅರ್ಧ ಪುಟ ನುಂಗುತ್ತವೆ. ಮೂರನೆಯದು ಅವನ ಸಿನಿಮಾಗಳಿಗೆ ಬಟ್ಟೆ ಹೊಲಿಸುತ್ತಿದ್ದ ಹೆಣ್ಣುಮಗಳು ಮುಪ್ಪಿನಲ್ಲಿ ಬರೆದದ್ದು. ಅವಳಿಗೆ ತಾರೀಖು ನೆನಪಿಲ್ಲ, ಊರಿನ ಹೆಸರೂ ನೆನಪಿಲ್ಲ. ಯಾವ ದಿನ ಅವನ ಅಂಗಿಯ ಯಾವ ಗುಂಡಿ ಉದುರಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಮೂವರೂ ಹೇಳುವುದು ಒಬ್ಬನ ಬಗ್ಗೆಯೇ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೂಡಿಬರುವುದಿಲ್ಲ. ತಾಯಿ ಮಾಡುತ್ತಿದ್ದ ಹುರುಳಿ ಸಾರು ಅವನಿಗೆ ಪ್ರಾಣ ಎಂದು ಗೆಳೆಯ ಬರೆದಿದ್ದಾನೆ. (ಹುರುಳಿಯಂತಹದು ಯಾವುದೋ ಕಾಳು, ನಾನು ಹುರುಳಿ ಎಂದೇ ಓದಿಕೊಂಡೆ.) ಬಟ್ಟೆಯ ಹೆಣ್ಣುಮಗಳ ಪ್ರಕಾರ ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಯಾರಾದರೂ ಎದುರಿಗೆ ಕೂತಿದ್ದರೆ ಮಾತ್ರ ತರಿಸಿಕೊಂಡು ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಪ್ರೊಫೆಸರನ ಪುಸ್ತಕದಲ್ಲಿ ಸಾರಿನ ಸುದ್ದಿಯೇ ಇಲ್ಲ.

ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಎರಡು ಸಾಕ್ಷಿ ಎರಡು ಮಾತು ಹೇಳಿದರೆ ಏನು ಮಾಡಬೇಕು ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿದವನು. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಹೇಳಿದರೆ ಅವರಿಗೇನು ಲಾಭ ಎಂದು ಕೇಳಿಕೊಳ್ಳಬೇಕು. ಆದ್ದರಿಂದ ಈ ಪುಸ್ತಕಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಓದುವುದು ನನಗೆ ಚಟ. ಆದರೆ ನಿಜ ಹೇಳಬೇಕೆಂದರೆ ನಾನು ತಿರುತಿರುಗಿ ತೆರೆಯುವುದು ಒಂದೇ ಜಾಗ, ನಿರ್ದೇಶಕನ ಅಪ್ಪನದು.

ಅಪ್ಪನಿಗೆ ಹಿಟ್ಟಿನ ಗಿರಣಿ ಇತ್ತು. ಮಗ ಗಿರಣಿ ಬಿಟ್ಟು ಸಿನಿಮಾಕ್ಕೆ ಹೋದ. ಮೊದಲ ಸಿನಿಮಾ ಊರಿನ ಥಿಯೇಟರಿಗೆ ಬಂದಾಗ ಅಪ್ಪ ಹೋಗಿ ನೋಡಿದನೇ ಇಲ್ಲವೇ? ನೋಡಲಿಲ್ಲ, ಸಾಯುವವರೆಗೂ ಮಗನ ಒಂದು ಸಿನಿಮಾವನ್ನೂ ನೋಡಲಿಲ್ಲ ಎನ್ನುತ್ತಾನೆ ಗೆಳೆಯ. ನೋಡಿದ, ಕೊನೆಯ ಸಾಲಿನಲ್ಲಿ ಒಬ್ಬನೇ ಕೂತಿದ್ದ ಎಂದು ನಿರ್ದೇಶಕನ ತಂಗಿಯ ಮಗಳೊಬ್ಬಳು ಹೇಳಿದ್ದನ್ನು ಪ್ರೊಫೆಸರ್ ಅಡಿಟಿಪ್ಪಣಿಯಲ್ಲಿ ಹಾಕಿದ್ದಾನೆ. ಹಾಕಿ, ಆ ಸಂಜೆ ಗಿರಣಿ ನಡೆಯುತ್ತಿದ್ದ ಸದ್ದು ಓಣಿಯವರಿಗೆಲ್ಲ ಕೇಳಿಸಿತ್ತು, ಆದ್ದರಿಂದ ಇದನ್ನು ನಂಬಲಾಗದು ಎಂದು ತಾನೇ ಹೊಡೆದು ಹಾಕಿದ್ದಾನೆ. ಬಟ್ಟೆಯ ಹೆಣ್ಣುಮಗಳು ಹೇಳುವುದೇ ಬೇರೆ. ನಿರ್ದೇಶಕ ಒಂದೊಂದು ದಿನ ಒಂದೊಂದು ರೀತಿ ಹೇಳುತ್ತಿದ್ದ, ಖುಷಿಯಲ್ಲಿದ್ದರೆ ಅಪ್ಪ ಬಂದಿದ್ದ, ಬೇಜಾರಿನಲ್ಲಿದ್ದರೆ ಬಂದಿರಲಿಲ್ಲ ಎಂದು ಬರೆದಿದ್ದಾಳೆ.

ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಪುಸ್ತಕ ಮುಂದೆ ಸಾಗುವುದಿಲ್ಲ. ಯಾಕೆಂದರೆ ಇದೇ ಪ್ರಶ್ನೆ ನನ್ನ ಹೊಟ್ಟೆಯಲ್ಲೂ ಇದೆ. ನನ್ನ ಅಪ್ಪ ನನ್ನ ನಾಟಕ ನೋಡಲು ಬಂದಿದ್ದನೇ?

ನಮ್ಮದು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಸೀಜನ್ನಿನಲ್ಲಿ ನಮ್ಮ ಊರಿಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ಕೆಮ್ಮುತ್ತಾರೆ, ಆಮೇಲೆ ಮಾತಾಡುತ್ತಾರೆ. ಐರಣಿಯ ಸೋದರಮಾವ ಹೊಳೆ ದಂಡೆಯ ತಂಪು ಗಾಳಿಯಲ್ಲಿ ಬೆಳೆದವನು. ನಮ್ಮ ಮನೆಗೆ ಬಂದರೆ ಧೋತರದ ಚುಂಗು ಮೂಗಿಗೆ ಹಿಡಿದುಕೊಂಡೇ ಯೋಗಕ್ಷೇಮ ವಿಚಾರಿಸುತ್ತಿದ್ದ. ನಾವು ಮಕ್ಕಳು ಅವನನ್ನು ಕಂಡು ನಗುತ್ತಿದ್ದೆವು. ಘಾಟು ಎಂದರೇನು ಎಂಬುದೇ ನಮಗೆ ಗೊತ್ತಿರಲಿಲ್ಲ, ಮೀನಿಗೆ ನೀರು ಒದ್ದೆ ಅನ್ನಿಸುತ್ತದೆಯೇ? ಹೈಸ್ಕೂಲಿಗೆಂದು ಹಾವೇರಿಗೆ ಹೋದಾಗ ಮೊದಲ ದಿನ ನನ್ನ ಪಕ್ಕದ ಹುಡುಗ ಕೆಮ್ಮಿ ಕೆಮ್ಮಿ ಎದ್ದು ಬೇರೆ ಬೆಂಚಿಗೆ ಹೋದ. ಪಾಪ, ಅವನಿಗೆ ಕ್ಷಯ ಇರಬೇಕು ಎಂದು ನಾನು ಮರುಗಿದೆ.

ಅಪ್ಪನ ಮಾತು ಕಡಿಮೆ. ಬೆಳಿಗ್ಗೆ ರಾಶಿಗಳ ನಡುವೆ ಹೋದರೆ ಸಂಜೆ ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿ ಬರುತ್ತಿದ್ದ. ಓದಿ ಮಾಸ್ತರ ಆಗುತ್ತೇನೆ ಎಂದಾಗ ಹೂಂ ಎಂದ. ರಾಣೆಬೆನ್ನೂರಿನಲ್ಲಿ ನೌಕರಿ ಸಿಕ್ಕಿತು ಎಂದಾಗಲೂ ಹೂಂ ಎಂದ. ಅಲ್ಲಿ ನಾಟಕದ ಗುಂಪು ಕಟ್ಟಿದ್ದೇನೆ ಎಂದಾಗ ಮಾತ್ರ, "ಪಗಾರ ಕೊಡೂದು ಪಾಠ ಹೇಳ್ಲಿಕ್ಕೋ, ಕುಣೀಲಿಕ್ಕೋ?" ಎಂದು ಕೇಳಿದ. ಅದರ ಮೇಲೆ ನಾನು ಸಿಟ್ಟಿನಲ್ಲಿ ಒಂದು ನಾಟಕ ಬರೆದೆ. ಅದರಲ್ಲಿ ಒಬ್ಬ ಬಿರುಸು ಮುದುಕ, ಕಾಳಿನ ವ್ಯಾಪಾರಿ. ಹೇಳಿದ ಮಾತು ಕೇಳದ ಮಗನನ್ನು ಮನೆಯಿಂದ ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳುತ್ತಾನೆ. ಮೆಣಸಿನಕಾಯಿಯ ಜಾಗದಲ್ಲಿ ಕಾಳು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಭಾವಿಸಿದ್ದೆ. ಆ ವಯಸ್ಸಿನಲ್ಲಿ ಅಷ್ಟೇ ಜಾಣತನ.

ನಾಟಕ ರಾಣೆಬೆನ್ನೂರಿನ ಒಂದು ಹಾಲ್‌ನಲ್ಲಿ, ಸೀಜನ್ ಜೋರಾಗಿದ್ದಾಗ. ಹಿಂದಿನ ವಾರ ಊರಿಗೆ ಹೋಗಿ, ನಾಟಕಕ್ಕೆ ಬರಬೇಕು ಎಂದು ಅಪ್ಪನನ್ನು ಕರೆದೆ. ಅಪ್ಪ, "ನೋಡೂಣು" ಎಂದ. ಅಪ್ಪನ "ನೋಡೂಣು" ಎಂಬ ಮಾತಿಗೆ ನಮ್ಮ ಮನೆಯಲ್ಲಿ ಇಲ್ಲ ಎಂದೇ ಅರ್ಥ. ನಾಟಕದ ದಿನ ಮುಂದಿನ ಸಾಲಿನಲ್ಲಿ ಅವನಿಗೆಂದು ಇಟ್ಟ ಕುರ್ಚಿಯಲ್ಲಿ ಯಾರೋ ಬಂದು ಕೂತರು. ಆಮೇಲೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದೇ ನನ್ನ ಮೊದಲ ನಾಟಕ, ಅದೇ ಕೊನೆಯದು. ಮಗ್ಗಲು ಮನೆಯವರ ಹಾಗೆ ಹೋಗಿ ಬಂದು ಮಾಡಿಕೊಂಡು ಇದ್ದೆವು, ಕೆಟ್ಟದ್ದೇನೂ ಇರಲಿಲ್ಲ. ಹೀಗೇ ಅಪ್ಪ ತೀರಿಕೊಂಡ.

ಅವ್ವ ಇರುವವರೆಗೂ ಒಂದೇ ಮಾತು ಹೇಳುತ್ತಿದ್ದಳು: "ಅವತ್ತ ಗುತ್ತಲದ ಕಡೆ ಹೋಗಿದ್ರಪಾ, ಬರಾಕ ಆಗಲಿಲ್ಲ." ನನ್ನ ಅಕ್ಕ ಗಂಗಕ್ಕ ಅಪ್ಪ ಹೋದ ದಿನ ನನ್ನ ಬೆನ್ನ ಮೇಲೆ ಕೈ ಇಟ್ಟು, "ನಿನ್ನ ನಾಟಕಕ್ಕ ಅಪ್ಪ ಬಂದಿದ್ದ ಬಿಡು," ಎಂದಳು. ಇತಿಹಾಸದವನಲ್ಲವೇ ನಾನು, ತೂಗಿ ನೋಡಿದೆ. ಅಕ್ಕ ಆ ವರ್ಷ ಬಾಣಂತನಕ್ಕೆಂದು ತವರಿನಲ್ಲಿದ್ದಳು, ನಾಟಕಕ್ಕೆ ತಾನೇ ಬಂದವಳಲ್ಲ. ಹೆಣದ ಮುಂದೆ ಸಮಾಧಾನಕ್ಕೆ ಆಡಿದ ಮಾತು ಎಂದು ತೀರ್ಮಾನಿಸಿ ಅವ್ವನ ಮಾತನ್ನೇ ನಂಬಿದೆ. ಗಿರಣಿಯ ಸದ್ದನ್ನು ನಂಬಿದ ಪ್ರೊಫೆಸರನ ಸಾಲಿಗೆ ನಾನೂ ಸೇರಿದೆ.

ಇಷ್ಟೆಲ್ಲ ಮತ್ತೆ ಎದ್ದದ್ದು ಹೋದ ಭಾನುವಾರ. ಹಾವೇರಿಯಲ್ಲಿ ನಮ್ಮದೊಂದು ಸಿನಿಮಾ ಬಳಗ ಇದೆ. ಒಬ್ಬ ಗೆಳೆಯರ ಅಂಗಡಿಯ ಮಾಳಿಗೆಯ ಮೇಲೆ ಸೇರುತ್ತೇವೆ, ಗೋಡೆಗೆ ಧೋತರ ಕಟ್ಟಿ ಸಿನಿಮಾ ನೋಡುತ್ತೇವೆ. ಈ ಸಲ ಸಿನಿಮಾ ಬೇಡ, ಮೂರು ಜೀವನಚರಿತ್ರೆಗಳ ಬಗ್ಗೆ ಮಾತಾಡಿ ಎಂದರು. ಮಾತಾಡಿದೆ. ಇಬ್ಬರು ಮಲಗಿದರು, ಉಳಿದವರು ಕೇಳಿದರು. ಆ ಅಪ್ಪನ ಗಿರಣಿಯ ಕಥೆ ಹೇಳುವಾಗ ಮಾತ್ರ ಯಾಕೋ ನಡುವೆ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ.

ಮುಗಿದ ಮೇಲೆ ನಾನೂ ಬಾಬಾಜಾನನೂ ಕೆಳಗಿನ ಗಾಡಿಯ ಹತ್ತಿರ ಗಿರ್ಮಿಟ್ ತಿನ್ನಲು ನಿಂತೆವು. ಬಾಬಾಜಾನ ಹಾವೇರಿಯಲ್ಲಿ ಟೇಲರ್ ಅಂಗಡಿ ಇಟ್ಟವನು. ಆಗ ರಾಣೆಬೆನ್ನೂರಿನಲ್ಲಿದ್ದ, ನನ್ನ ನಾಟಕದಲ್ಲಿ ಆ ಬಿರುಸು ಮುದುಕನ ಪಾತ್ರ ಅವನದೇ. ಗಾಡಿಯವನು ಮಿರ್ಚಿ ಕರಿಯುವಾಗ ಒಂದು ಮೆಣಸಿನಕಾಯಿ ಒಡೆದು ಬೀಜ ಎಣ್ಣೆಗೆ ಬಿತ್ತು. ಸುತ್ತ ನಿಂತವರೆಲ್ಲ ಕೆಮ್ಮತೊಡಗಿದರು. ಬಾಬಾಜಾನ ಕರವಸ್ತ್ರ ಬಾಯಿಗೆ ಹಿಡಿದು, ಆರಾಮಾಗಿ ತಿನ್ನುತ್ತ ನಿಂತ ನನ್ನನ್ನೇ ನೋಡಿದ.

"ನೀವು ಬ್ಯಾಡಗಿ ಮಂದಿ ಬಿಡ್ರಿ, ನಿಮಗ ಏನೂ ಆಗೂದಿಲ್ಲ. ಅವತ್ತು ನಾಟಕದಾಗೂ ಹಿಂಗ ಆಗಿತ್ತು ನೋಡ್ರಿ ಸರ್."

"ಹೆಂಗ?"

"ನೆನಪಿಲ್ಲೇನ್ರಿ? ಫಸ್ಟ್ ಹಾಫ್‌ನಾಗ ಹಿಂದಿನ ಮಂದಿ ಎಲ್ಲಾ ಕೆಮ್ಮಾಕ ಹತ್ತಿದ್ರಲ್ಲ."

ನೆನಪಿಲ್ಲದೆ ಏನು? ಅವತ್ತು ಪರದೆಯ ಪಕ್ಕದಲ್ಲಿ ನಿಂತು ಆ ಕೆಮ್ಮು ಕೇಳುತ್ತ ನಾನು ಬೆವತು ಹೋಗಿದ್ದೆ. ಮೊದಲು ಒಬ್ಬ, ಆಮೇಲೆ ಒಂದು ಸಾಲು, ಆಮೇಲೆ ಹಿಂದಿನ ಅರ್ಧ ಹಾಲ್. ಜನಕ್ಕೆ ಬೇಸರ ಬಂದಿದೆ, ಬೇಕೆಂದೇ ಕೆಮ್ಮುತ್ತಿದ್ದಾರೆ ಎಂದುಕೊಂಡೆ. ವಿಶ್ರಾಂತಿಗೆ ಸ್ವಲ್ಪ ಮೊದಲು ಅದು ತಾನಾಗಿ ನಿಂತಿತು. ಅಲ್ಲಿಂದ ಕೊನೆಯವರೆಗೆ ಸೂಜಿ ಬಿದ್ದರೂ ಕೇಳುವಷ್ಟು ಶಾಂತ. ಆ ಶಾಂತಿಯನ್ನು ನಾನು ನನ್ನ ಬರವಣಿಗೆಯ ಲೆಕ್ಕಕ್ಕೆ ಹಾಕಿಕೊಂಡು, ಅದರ ಬಗ್ಗೆ ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ.

"ಅದು ಬ್ಯಾಸರದ ಕೆಮ್ಮ ಅಲ್ರಿ," ಎಂದ ಬಾಬಾಜಾನ. "ನನ್ನ ಬೀಗರು ಬ್ಯಾಡಗ್ಯಾಗ ಅದಾರ, ಆ ಕೆಮ್ಮ ನನಗ ಗೊತ್ತೈತಿ. ಸ್ಟೇಜ್ ಮ್ಯಾಲಿಂದ ನೋಡಿದೆ, ಹಿಂದಿನ ಬಾಗಲಾ ಹತ್ರ ಒಬ್ಬ ಹಿರ್ಯಾ ನಿಂತಿದ್ದ. ತಲೀಗೆ ರುಮಾಲ. ಮಂದಿ ಮೂಗ ಮುಚ್ಚಿಕೊಂಡು ಆಚೀಚೆ ಸರಿಯಾಕತ್ತಿದ್ರು. ಮುಖ ಕಾಣಲಿಲ್ರಿ, ಲೈಟು ಕಣ್ಣಿಗೆ ಹೊಡೀತಿತ್ತು. ಆಮ್ಯಾಲ ಅಂವ ಹೊರಗ ಹೋದ, ಕೆಮ್ಮ ನಿಂತ್ತು."

"ಇಷ್ಟು ವರ್ಷ ಯಾಕ ಹೇಳಲಿಲ್ಲೋ ನೀನು?"

"ಯಾರೋ ಪ್ಯಾಟಿ ಮನಷ್ಯಾ ಅಂದ್ಕೊಂಡೆ, ಬಿಟ್ಟೆ. ಇವತ್ತು ನೀವು ಆ ಇಟಲಿ ಅಪ್ಪಂದು ಹೇಳಿದ್ರಲ್ಲ, ಆಗ ಖಟಕ್ ಅಂತು."

ಗಿರ್ಮಿಟ್ ಅಲ್ಲಿಗೇ ಸಾಕಾಯಿತು. ಮನೆಗೆ ಬಂದು ಮತ್ತೆ ತೂಗಿದೆ. ಅಪ್ಪನೇ ಎನ್ನಲು ಮನಸ್ಸು ಓಡಿತು, ಆದರೆ ಒಂದು ಅಡ್ಡಿ ಇತ್ತು. ಅಪ್ಪ ಅಂಗಡಿಯ ಬಟ್ಟೆಯಲ್ಲಿ ನಾಲ್ಕು ಜನರ ನಡುವೆ ಹೋದವನೇ ಅಲ್ಲ. ನಮ್ಮ ಘಾಟು ನಮಗೆ ಇರಲಿ, ಮಂದಿಗೆ ಯಾಕೆ ಎನ್ನುವವನು. ಹಿತ್ತಲಲ್ಲಿ ಸ್ನಾನ ಮಾಡಿ ಬೇರೆ ಧೋತರ ಉಡದೆ ಅಡುಗೆ ಮನೆಗೂ ಬರುತ್ತಿರಲಿಲ್ಲ. ಅಂಥವನು ಪರಊರಿನ ಹಾಲ್‌ಗೆ ಆ ಬಟ್ಟೆಯಲ್ಲಿ ಹೋಗಿ ನಿಲ್ಲುತ್ತಾನೆಯೇ? ಬ್ಯಾಡಗಿಯಲ್ಲಿ ರುಮಾಲು ಸುತ್ತುವವರು ನೂರಾರು ಮಂದಿ. ಮೆಣಸಿನಕಾಯಿ ಲಾರಿ ಹತ್ತಿ ಬಂದ ಯಾರಾದರೂ ಬಿಟ್ಟಿ ನಾಟಕ ಇದೆಯೆಂದು ಇಣುಕಿರಬಹುದು.

ಮರುದಿನ ಬ್ಯಾಡಗಿಯ ಬಸ್ಸು ಹತ್ತಿದೆ. ಅಕ್ಕನನ್ನು ಕೊಟ್ಟಿದ್ದು ಅದೇ ಊರಿಗೆ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಅಕ್ಕ ಪಡಸಾಲೆಯಲ್ಲಿ ಕೂತು ವರ್ಷದ ಖಾರಪುಡಿಗೆಂದು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ಎದುರಿಗೆ ಕೂತು ನಾಲ್ಕು ಕಾಯಿ ಎತ್ತಿಕೊಂಡೆ. ಸುಮ್ಮನೆ ಕೂತರೆ ಅವಳು ಚಹಕ್ಕೆಂದು ಎದ್ದುಹೋಗುತ್ತಾಳೆ. ಬಾಬಾಜಾನ ಹೇಳಿದ್ದನ್ನೆಲ್ಲ ಹೇಳಿದೆ.

"ಮತ್ತ ನಾ ಅವತ್ತ ಹೇಳೀನಲ್ಲ, ಅಪ್ಪ ಬಂದಿದ್ದ ಅಂತ," ಎಂದಳು ಅಕ್ಕ, ತಲೆ ಎತ್ತದೆ.

"ನಿನಗ ಹೆಂಗ ಗೊತ್ತು?"

"ಇಷ್ಟು ವರ್ಷದಾಗ ಈ ಮಾತು ಒಮ್ಮೆರ ಕೇಳಿದ್ಯಾ?"

ಕೇಳಿರಲಿಲ್ಲ. ಹುಡುಗರಿಗೆ ವರ್ಷ ವರ್ಷ ಕಲಿಸಿದ ಪಾಠ ಅದು, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು. ಸ್ವಂತ ಅಕ್ಕನಿಗೆ ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅಕ್ಕ ನಿಧಾನವಾಗಿ ಹೇಳಿದಳು. ಆ ದಿನ ಅವ್ವ ಅಪ್ಪನಿಗೆಂದು ಇಸ್ತ್ರಿ ಮಾಡಿದ ಧೋತರ, ಹೊಸ ಅಂಗಿ ಗೂಟಕ್ಕೆ ಹಾಕಿ, ನೀರು ಕಾಯಿಸಿ ದಾರಿ ನೋಡಿದಳಂತೆ. ಅಪ್ಪ ಬರಲೇ ಇಲ್ಲ. ನೀರು ಆರಿತು, ಧೋತರ ಗೂಟದ ಮೇಲೇ ಉಳಿಯಿತು. ಧೋತರ ಅಲ್ಲೇ ಇದೆ ಎಂದ ಮೇಲೆ ಅಪ್ಪ ನಾಟಕಕ್ಕೆ ಹೋಗಿಲ್ಲ ಎಂದು ಅವ್ವ ತಿಳಿದಳು. ಬ್ಯಾಡಗಿಯ ಯಾವ ಹೆಂಗಸಾದರೂ ಹಾಗೆಯೇ ತಿಳಿಯುತ್ತಿದ್ದಳು. ಅಪ್ಪ ತಡವಾಗಿ ಬಂದಾಗ ಅವ್ವ ಏನೂ ಕೇಳದೆ ತಟ್ಟೆ ಇಟ್ಟಳು, ಅವನೂ ಏನೂ ಹೇಳದೆ ಉಂಡ. ಗುತ್ತಲದ ಮಾತು ಆಮೇಲೆ ನನಗಾಗಿ ಅವಳೇ ಕಟ್ಟಿದ್ದು.

"ಅವತ್ತ ಮಾಲು ಹೆಚ್ಚ ಬಂದಿತ್ತು. ಕೆಲಸ ಮುಗಿಯೂದ್ರಾಗ ಹೊತ್ತಾಗಿರಬೇಕು," ಎಂದಳು ಅಕ್ಕ. "ಮನೀಗೆ ಬಂದು ಜಳಕಾ ಮಾಡಿ ಹೊಂಟ್ರ ನಾಟಕ ಮುಗಿದಿರ್ತಿತ್ತು. ಪ್ಯಾಟ್ಯಾಗಿಂದ ಹಂಗ ಹೋಗ್ಯಾನ."

"ಅಪ್ಪ ಹಂಗಂತ ಹೇಳಿದ್ನೇನು?"

"ಅಂವ ಎಲ್ಲಿ ಹೇಳ್ತಾನ? ಒಂದು ಮಾತು ಕೇಳಿದ, ಅಷ್ಟ."

ನಾಟಕವಾಗಿ ಸುಮಾರು ದಿನದ ಮೇಲೆ, ಅಕ್ಕನ ಕೂಸಿನ ತೊಟ್ಟಿಲು ತೂಗುತ್ತ ಕೂತ ಅಪ್ಪ ಇದ್ದಕ್ಕಿದ್ದಂತೆ ಕೇಳಿದನಂತೆ, "ಗಂಗೂ, ಅವನ ನಾಟಕದಾಗ ಆ ಮುದುಕ ಮಗನ್ನ ಹೊರಗ ಹಾಕತಾನಲ್ಲ, ಕಡೀಕ ಒಳಗ ಕರಕೊಂತಾನೇನು?" ಅಕ್ಕ, "ನನಗೇನ್ ಗೊತ್ತಪಾ, ನಾ ಏನ್ ನೋಡೀನೇನು? ಅವನ್ನ ಕೇಳು," ಎಂದಳು. ಅಪ್ಪ ಸ್ವಲ್ಪ ಹೊತ್ತು ತೊಟ್ಟಿಲು ತೂಗಿ, "ಬ್ಯಾಡ ಬಿಡು," ಎಂದು ಎದ್ದು ಹೋದ.

ನಾನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ. ಮುದುಕ ಮಗನನ್ನು ಹೊರಗೆ ಹಾಕುವುದು ವಿಶ್ರಾಂತಿಗೆ ತುಸು ಮೊದಲು. ಅದನ್ನು ನೋಡಿ, ಮುಂದಿನದನ್ನು ನೋಡದವನು ಮಾತ್ರ ಹಾಗೆ ಕೇಳಬಲ್ಲ. ಆ ಕೆಮ್ಮು ತನ್ನ ಬಟ್ಟೆಯ ಘಾಟಿನಿಂದಲೇ ಎಂದು ಅವನಿಗೆ ಗೊತ್ತಾಗಿತ್ತು. ಮಗನ ನಾಟಕ ಕೆಡಬಾರದೆಂದು ಹೊರಗೆ ಹೋದ. ನಾನು ಕೊಚ್ಚಿಕೊಂಡ ಆ ಶಾಂತಿ ಅವನು ಹೊರಗೆ ಹೋದದ್ದರಿಂದ ಬಂದದ್ದು. ನನ್ನ ಅಪ್ಪ ನಾಟಕಕ್ಕೆ ಬಂದಿದ್ದ, ನನ್ನ ಅಪ್ಪ ನಾಟಕ ನೋಡಲಿಲ್ಲ. ಎರಡೂ ಖರೆ. ಅವನು ನೋಡಿದ್ದು ಮುದುಕ ಕೆಟ್ಟವನಾಗಿದ್ದ ಅರ್ಧವನ್ನು ಮಾತ್ರ. ಆ ಮುದುಕ ಯಾರು ಎಂಬುದು ಅವನಿಗೆ ಗೊತ್ತಾಗದೆ ಇರುವುದಿಲ್ಲ, ಕಾಳು ಹಾಕಿದ್ದರೂ. ಗೊತ್ತಾಗಿಯೇ, ಕೊನೆಯಲ್ಲಿ ಏನಾಯಿತು ಎಂದು ಕೇಳಿದ್ದಾನೆ. ಸಂಕಟ ತಡೆಯಲಾಗಲಿಲ್ಲ, ಅಕ್ಕನ ಮುಂದೆ ನಾಚಿಕೆಯೂ ಆಗಲಿಲ್ಲ, ಸುಮ್ಮನೆ ಅತ್ತೆ.

ಅಕ್ಕ ನನ್ನನ್ನು ಅಳಲು ಬಿಟ್ಟಳು. ಆಮೇಲೆ ಮೊರ ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡುತ್ತ ಕೇಳಿದಳು.

"ಮತ್ತ, ಕರಕೊಂತಾನೇನು?"

"ಕರಕೊಂತಾನ," ಎಂದೆ. "ಬಾಗಲಾ ತೆಗದು, ತಾನ ಓಣಿತನಕಾ ಬಂದು, ಕೈ ಹಿಡಿದು ಕರಕೊಂಡು ಹೋಗ್ತಾನ."

ಅಕ್ಕ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು ಒಂದು ಕಾಯಿಯ ತೊಟ್ಟು ಮುರಿದಳು.

"ಇದನ್ನ ಅಂವಗ ಯಾರೂ ಹೇಳಲೇ ಇಲ್ಲ ನೋಡು," ಎಂದಳು.